ತುಮಕೂರು ಸೀಮೆಯ ಕೆಮ್ಮಿನ ಲೆಕ್ಕ

ಬೆಂಗಳೂರಿನಿಂದ ಪುಣೆಯತ್ತ ಸಾಗುವ ಹೆದ್ದಾರಿಯಲ್ಲಿ, ತುಮಕೂರು ಪಟ್ಟಣವನ್ನು ಹೊಗುವುದಕ್ಕೆ ಮುನ್ನ ಎದುರಾಗುವ ಕ್ಯಾತ್ಸಂದ್ರವನ್ನು ನಾಡಿನ ಜನರು ಎರಡು ಕಾರಣಗಳಿಂದ ಬಲ್ಲರು: ಸಿದ್ಧಗಂಗೆಯ ಮಠಕ್ಕೆ ತಿರುಗುವ ದಾರಿ ಅಲ್ಲಿಂದ ಹೊರಡುತ್ತದೆ, ತಟ್ಟೆ ಇಡ್ಲಿ ಅಲ್ಲಿ ದೊರೆಯುತ್ತದೆ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಆ ಹಾದಿ ಮೂರನೆಯದೊಂದು ಕಾರಣಕ್ಕಾಗಿಯೂ ಸ್ಮರಣೀಯವಾಗತಕ್ಕದ್ದು. 1960-61ರಲ್ಲಿ ಬೆಂಗಳೂರಿನ ಸಂಸ್ಥೆಯೊಂದರಿಂದ ಹೊರಟ ಎಕ್ಸ್-ರೇ ವ್ಯಾನುಗಳು ತುಮಕೂರು ಜಿಲ್ಲೆಗೆ ಬಂದು, ಹಳ್ಳಿಹಳ್ಳಿಯ ಜನರ ಎದೆಗೂಡಿನ ನೆರಳನ್ನು ಫಿಲ್ಮಿನ ಮೇಲೆ ಹಿಡಿದವು. ಅವುಗಳ ಹಿಂದೆಯೇ ಬಂದ ಪ್ರಶ್ನಕರ್ತರು ಅದೇ ಜನರ ಬಾಯಿಂದ ಅವರ ಕೆಮ್ಮಿನ ಕಥೆಯನ್ನು ಕೇಳಿ ಬರೆದುಕೊಂಡರು. ಭಾರತದ ಕ್ಷಯರೋಗ ನಿಯಂತ್ರಣದ ನೀತಿಯನ್ನು ಹೊಸ ದಿಕ್ಕಿಗೆ ತಿರುಗಿಸಿದುದು ಫಿಲ್ಮಿನ ನೆರಳಿಗಿಂತ ಹೆಚ್ಚಾಗಿ ಆ ಕಥೆಯೇ ಎಂಬುದನ್ನು ತುಮಕೂರಿನವರಲ್ಲಿಯೇ ಬಲ್ಲವರು ವಿರಳ.

ಕ್ಷಯವು ನಮ್ಮವರಿಗೆ ಹೊಸ ರೋಗವಲ್ಲ. ಚರಕ, ಸುಶ್ರುತರು ಅದನ್ನು ರಾಜಯಕ್ಷ್ಮವೆಂದು ಕರೆದು ವಿಸ್ತಾರವಾಗಿ ವರ್ಣಿಸಿರುವರು. ದಕ್ಷನ ಶಾಪದಿಂದ ಚಂದ್ರನೇ ಅದಕ್ಕೆ ಈಡಾದನೆಂಬ ಪುರಾಣಕಥೆಯನ್ನು ನಮ್ಮ ಹಿರಿಯರು ಬೆಳದಿಂಗಳ ರಾತ್ರಿಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಅರಮನೆಯೂ ಅದರಿಂದ ಪಾರಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ವ್ಯಾಧಿಗೆ ತುತ್ತಾದರು; ಮೈಸೂರಿನ ಕ್ಷಯರೋಗ ಆಸ್ಪತ್ರೆ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಮೈಸೂರು ಸೀಮೆಯ ಮೂಡಣ ಗಡಿಗೆ ಹತ್ತಿರದ ಮದನಪಲ್ಲಿಯ ಬಳಿ, ಕ್ರೈಸ್ತ ಮಿಷನ್ನುಗಳು ಕೂಡಿ ಕಟ್ಟಿದ ಆರೋಗ್ಯವರಂ ಧಾಮವು ಅದಕ್ಕೂ ಹಿಂದಿನದು. ಇಂಥ ಧಾಮಗಳಲ್ಲಿ ರೋಗಿಗೆ ದೊರೆಯುತ್ತಿದ್ದುದು ಶುದ್ಧವಾಯು, ಹಾಲು ಮೊಟ್ಟೆಗಳ ಪಥ್ಯ, ತಿಂಗಳುಗಟ್ಟಲೆಯ ಶಯನ, ಹೆಚ್ಚೆಂದರೆ ಎದೆಯ ಪೊರೆಗಳ ನಡುವೆ ಸೂಜಿಯಿಂದ ಗಾಳಿ ತುಂಬಿ ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿಡುವ ಚಿಕಿತ್ಸೆ. ಹಾಸಿಗೆಗಳೋ ಕೆಲವು ನೂರು, ರೋಗಿಗಳೋ ಲಕ್ಷಾಂತರ. ಗುಬ್ಬಿಯ ರೈತನೊಬ್ಬ ರಕ್ತ ಕಾರಿಕೊಂಡರೆ ಅವನಿಗೆ ಮೈಸೂರಿನ ಆ ಮಂಚ ದೊರೆಯುವ ಸಂಭವ ದೇವರ ಕೃಪೆಯನ್ನೋ ದೊಡ್ಡವರ ಶಿಫಾರಸನ್ನೋ ಅವಲಂಬಿಸಿತ್ತು.

ಸ್ವಾತಂತ್ರ್ಯಾನಂತರದ ಹತ್ತು ವರ್ಷಗಳಲ್ಲಿ ಎರಡು ತಿಳಿವಳಿಕೆಗಳು ಈ ಸ್ಥಿತಿಯನ್ನು ಕದಲಿಸಿದವು. ಕ್ಷಯವು ಹೊಗೆ, ಧೂಳು, ಇಕ್ಕಟ್ಟುಗಳಿಂದ ಕೂಡಿದ ನಗರಗಳ ಕಾಯಿಲೆಯೆಂದೂ, ಹಳ್ಳಿಯ ಬಯಲುಗಾಳಿಯೇ ಹಳ್ಳಿಗನಿಗೆ ರಕ್ಷೆಯೆಂದೂ ವಿದ್ಯಾವಂತರು ನಂಬಿದ್ದರು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯು, ಹಳ್ಳಿಗೂ ಪಟ್ಟಣಕ್ಕೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು ತೋರಿಸಿತು. ಜನಸಂಖ್ಯೆಯ ಬಹುಭಾಗ ಹಳ್ಳಿಗಳಲ್ಲಿದ್ದುದರಿಂದ ರೋಗಿಗಳ ಬಹುಭಾಗವೂ ಅಲ್ಲಿಯೇ ಇದ್ದಿತೆಂಬುದು ಅದರಿಂದ ತಾನಾಗಿ ಸಿದ್ಧವಾಯಿತು. ಎರಡನೆಯದು ಮದರಾಸಿನದು. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರದಲ್ಲಿ ವ್ಯಾಲೆಸ್ ಫಾಕ್ಸ್ ಮತ್ತು ಅವರ ಸಂಗಡಿಗರು, ಬಡ ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಧಾಮದ ಹಾಸಿಗೆಯಲ್ಲಿ, ಇನ್ನೊಂದಕ್ಕೆ ತಮ್ಮತಮ್ಮ ಕೇರಿಯ ಮನೆಗಳಲ್ಲಿಯೇ ಐಸೋನಿಯಜಿಡ್ ಮೊದಲಾದ ಹೊಸ ಔಷಧಿಗಳನ್ನು ಒಂದು ವರ್ಷ ಕಾಲ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಮನೆಯ ಚಾಪೆಯ ಮೇಲೆ ಮಲಗಿದವರೂ ಧಾಮದ ಮಂಚದ ಮೇಲೆ ಮಲಗಿದವರೂ ಹೆಚ್ಚುಕಡಿಮೆ ಸಮನಾಗಿಯೇ ಗುಣ ಹೊಂದಿದ್ದರು. ಮಾತ್ರೆಯೊಂದಿದ್ದರೆ ಮಂಚ ಬೇಡವೆಂದಾದ ಮೇಲೆ ಉಳಿದ ಪ್ರಶ್ನೆ ಒಂದೇ: ಲಕ್ಷಾಂತರ ಹಳ್ಳಿಗಳಲ್ಲಿ ಚದುರಿಹೋಗಿರುವ ರೋಗಿಯನ್ನು ಹುಡುಕುವ ಬಗೆ ಹೇಗೆ?

ಈ ಪ್ರಶ್ನೆಗೆ ಅಂದಿನ ಜಗತ್ತಿನಲ್ಲಿ ಸಿದ್ಧವಾಗಿದ್ದ ಉತ್ತರ ಎಕ್ಸ್-ರೇ. 1895ರ ನವೆಂಬರಿನಲ್ಲಿ ರಾಂಟ್‌ಗನ್ ಕಂಡುಹಿಡಿದ ಆ ಅದೃಶ್ಯ ಕಿರಣವನ್ನು ಬ್ರೆಜಿಲ್ ದೇಶದ ಮಾನ್ವೆಲ್ ದ ಅಬ್ರೇವ್ ಎಂಬ ವೈದ್ಯನು 1936ರಲ್ಲಿ ಜನಸಮೂಹಕ್ಕೆ ಒಗ್ಗಿಸಿದನು. ದೊಡ್ಡ ಫಿಲ್ಮಿನ ವೆಚ್ಚವನ್ನು ತಪ್ಪಿಸುವುದಕ್ಕಾಗಿ, ಹೊಳೆಯುವ ತೆರೆಯ ಮೇಲೆ ಮೂಡಿದ ಎದೆಯ ಬಿಂಬವನ್ನು ಕ್ಯಾಮೆರಾದಿಂದ ಸಣ್ಣ ಫಿಲ್ಮಿನ ಮೇಲೆ ತೆಗೆಯುವ ಆ ಉಪಾಯದಿಂದ, ಒಂದು ದಿನದಲ್ಲಿ ನೂರಾರು ಜನರನ್ನು ಯಂತ್ರದ ಮುಂದೆ ನಿಲ್ಲಿಸಿ ಕಳುಹಿಸುವುದು ಸಾಧ್ಯವಾಯಿತು. ಐರೋಪ್ಯ ರಾಷ್ಟ್ರಗಳು ಇದಕ್ಕಾಗಿ ವ್ಯಾನುಗಳನ್ನು ಕಟ್ಟಿಸಿದವು. ನಮ್ಮ ದೇಶವೂ ಅವುಗಳನ್ನೇ ತರಿಸಿ ಊರೂರು ಸುತ್ತಿಸಬೇಕೆಂಬ ಆಸೆಯುಳ್ಳವರು ಹಲವರಿದ್ದರು. ಕಿರಣವು ನಿರಪಾಯವಾದುದಲ್ಲವೆಂಬುದು ಆ ವೇಳೆಗಾಗಲೇ ತಿಳಿದಿತ್ತು. ಅದರ ಜೊತೆಯಲ್ಲಿ ಆಡಿದ ಮೊದಲ ತಲೆಮಾರಿನ ವೈದ್ಯರು ಬೆರಳುಗಳನ್ನೂ ಕೊನೆಗೆ ಪ್ರಾಣಗಳನ್ನೂ ತೆತ್ತಿದ್ದರು. ಅಂಥವರಲ್ಲಿ 169 ಮಂದಿಯ ಹೆಸರುಗಳನ್ನು ಕೆತ್ತಿದ ಕಲ್ಲೊಂದನ್ನು ಜರ್ಮನಿಯ ಹ್ಯಾಂಬರ್ಗಿನಲ್ಲಿ 1936ರಲ್ಲಿಯೇ ನಿಲ್ಲಿಸಲಾಗಿತ್ತು. ಅಬ್ರೇವನ ಸಣ್ಣ ಫಿಲ್ಮಿನ ಉಪಾಯ ಹಣವನ್ನು ಉಳಿಸಿತಾದರೂ, ದೊಡ್ಡ ಫಿಲ್ಮಿಗಿಂತ ಹಲವು ಪಟ್ಟು ಹೆಚ್ಚಿನ ಕಿರಣವನ್ನು ದೇಹದ ಮೂಲಕ ಹಾಯಿಸುತ್ತಿತ್ತು. ದಿನವೆಲ್ಲ ಯಂತ್ರದ ಬಳಿ ನಿಲ್ಲುವ ರೇಡಿಯೋಗ್ರಾಫರನಿಗೆ ಸೀಸದ ಹಾಳೆ ಹೊದಿಸಿದ ಮರೆಯೂ ಸೀಸ ಬೆರೆತ ರಬ್ಬರಿನ ಮೇಲಂಗಿಯೂ ಕಾವಲಾಗಿದ್ದವು. ಕ್ಷಣಮಾತ್ರ ಬಂದು ಹೋಗುವ ಹಳ್ಳಿಗನಿಗೆ ಆ ಕ್ಷಣದ ಅಲ್ಪತೆಯೇ ಕಾವಲು.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಬಂಗಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಡೆನ್ಮಾರ್ಕಿನ ಹಾಫ್‌ಡಾನ್ ಮಾಹ್ಲರ್ ಅವರು ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿದ್ದರು; ಸಮೀಕ್ಷೆಯ ಹೊಣೆ ರಾಜ್ ನಾರಾಯಣ್ ಮತ್ತು ಅವರ ಸಂಗಡಿಗರದು. ಆ ಸಂಸ್ಥೆಯ ವಿಶೇಷವೆಂದರೆ, ವೈದ್ಯರೊಡನೆ ಸಂಖ್ಯಾಶಾಸ್ತ್ರಜ್ಞರನ್ನೂ ಸಮಾಜಶಾಸ್ತ್ರಜ್ಞರನ್ನೂ ಅದು ಒಂದೇ ಮೇಜಿನ ಸುತ್ತ ಕುಳ್ಳಿರಿಸಿದುದು. ಅವರು ಅಧ್ಯಯನಕ್ಕೆ ಆರಿಸಿಕೊಂಡ ತುಮಕೂರು ಜಿಲ್ಲೆಯು ಆಗ 13 ಲಕ್ಷಕ್ಕೂ ಮೀರಿದ ಜನರಿಂದ ಕೂಡಿದ್ದು, 10 ತಾಲ್ಲೂಕುಗಳಾಗಿ ಹರಡಿತ್ತು. ಕುಣಿಗಲ್ಲಿನ ದೊಡ್ಡ ಕೆರೆಯ ಕೆಳಗಣ ಗದ್ದೆ, ಗುಬ್ಬಿ ತಿಪಟೂರುಗಳ ತೆಂಗಿನ ತೋಟ, ದೇವರಾಯನದುರ್ಗದ ಕಾಡು, ಉಳಿದ ಜಿಲ್ಲೆಯಿಂದ ಕಡಿದುಹೋಗಿ ಆಂಧ್ರದ ನೆಲದೊಳಕ್ಕೆ ಚಾಚಿಕೊಂಡ ಪಾವಗಡದ ಬೆಂಗಾಡು: ಇಷ್ಟು ಬಗೆಯ ನೆಲವನ್ನು ಒಂದೇ ಜಿಲ್ಲೆಯಲ್ಲಿ ಕಾಣುವುದು ಅಪರೂಪ.

ಸಮೀಕ್ಷೆಯ ವಿಧಾನವನ್ನು ಸ್ವಲ್ಪ ಸಾವಕಾಶವಾಗಿ ನೋಡುವುದು ಯೋಗ್ಯ. ಊರುಗಳನ್ನು ಯಾರ ಇಷ್ಟಾನಿಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಯಿತು. ಮೊದಲು ಬಂದವರು ಗಣತಿದಾರರು. ಮನೆಮನೆಗೂ ಹೋಗಿ ಯಜಮಾನನಿಂದ ತೊಟ್ಟಿಲ ಮಗುವಿನವರೆಗೆ ಪ್ರತಿಯೊಬ್ಬರ ಹೆಸರು, ವಯಸ್ಸು, ಸಂಬಂಧಗಳನ್ನು ಚೀಟಿಗೆ ಇಳಿಸಿದರು. ಅನಂತರ, ಕ್ಷಯದ ಸೋಂಕು ದೇಹವನ್ನು ಮುಟ್ಟಿದೆಯೆ ಎಂದು ತಿಳಿಯಲು, ಟ್ಯೂಬರ್‌ಕ್ಯುಲಿನ್ನಿನ ಸೂಜಿ: ಮುಂಗೈಯ ಚರ್ಮದೊಳಕ್ಕೆ ಹನಿಯಷ್ಟು ದ್ರವವನ್ನು ಚುಚ್ಚಿ, ಮೂರು ನಾಲ್ಕು ದಿನಗಳಾದ ಮೇಲೆ ಮತ್ತೆ ಬಂದು, ಚುಚ್ಚಿದೆಡೆಯಲ್ಲಿ ಎದ್ದ ಗಡುಸಾದ ದದ್ದಿನ ಅಗಲವನ್ನು ಪಾರದರ್ಶಕವಾದ ಅಳತೆಪಟ್ಟಿಯಿಂದ ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರು ವ್ಯಾನಿನ ಮೆಟ್ಟಿಲು ಹತ್ತಿ, ತಣ್ಣನೆಯ ಹಲಗೆಗೆ ಎದೆಯಾನಿಸಿ, ಗಲ್ಲ ಮೇಲೆತ್ತಿ, ಉಸಿರು ಬಿಗಿಹಿಡಿದು ನಿಲ್ಲಬೇಕು. ಹೊರಗೆ ಜನರೇಟರಿನ ಗದ್ದಲ, ಒಳಗೆ ಒಂದು ಸದ್ದು, ಅಷ್ಟಕ್ಕೆ 70 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಆ ಮನುಷ್ಯನ ಎದೆ ಅಂಗುಲದ ಲೆಕ್ಕಕ್ಕೆ ಇಳಿದಿರುತ್ತಿತ್ತು. ಫಿಲ್ಮಿನಲ್ಲಿ ಸಂದೇಹ ಕಂಡವರಿಂದ ಕಫವನ್ನು ಪಡೆದು ಬೆಂಗಳೂರಿನ ಪ್ರಯೋಗಶಾಲೆಗೆ ಕಳುಹಿಸುತ್ತಿದ್ದರು.

ಇಲ್ಲಿಯೇ ಒಂದು ಮಾತನ್ನು ಹೇಳಬೇಕು. ಯಂತ್ರ ತೆಗೆದ ಚಿತ್ರವು ಸತ್ಯವನ್ನೇ ನುಡಿಯುವುದೆಂದು ಸಾಮಾನ್ಯರು ಎಣಿಸುವರು. ವೈದ್ಯರು ಹಾಗೆ ಎಣಿಸುವುದಿಲ್ಲ, ಅಥವಾ ಎಣಿಸಬಾರದು. ಒಂದೇ ಫಿಲ್ಮನ್ನು ಇಬ್ಬರು ನಿಪುಣರ ಮುಂದಿಟ್ಟರೆ ಒಬ್ಬನು ಕ್ಷಯವೆಂದು, ಇನ್ನೊಬ್ಬನು ಏನೂ ಇಲ್ಲವೆಂದು ಹೇಳುವುದುಂಟು. ಅದೇ ನಿಪುಣನೇ ಕೆಲವು ವಾರಗಳ ತರುವಾಯ ತನ್ನ ಮೊದಲಿನ ತೀರ್ಪನ್ನು ತಾನೇ ತಳ್ಳಿಹಾಕುವುದೂ ಉಂಟು. 1940ರ ದಶಕದಲ್ಲಿಯೇ ಅಮೆರಿಕದ ವೈದ್ಯರು ಈ ಅಪ್ರಿಯವಾದ ಸಂಗತಿಯನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ಹೀಗಾಗಿ ಬೆಂಗಳೂರಿನ ಸಂಸ್ಥೆಯಲ್ಲಿ ಫಿಲ್ಮನ್ನು ಇಬ್ಬರು ಪ್ರತ್ಯೇಕವಾಗಿ ಓದುವುದು, ಭಿನ್ನಾಭಿಪ್ರಾಯ ಬಂದರೆ ಮೂರನೆಯವನು ಮಧ್ಯಸ್ಥನಾಗುವುದು ರೂಢಿಯಾಯಿತು. ನೆರಳು ಅಭಿಪ್ರಾಯ, ಕಫದಲ್ಲಿ ಕಂಡ ಕೀಟಾಣು ಪ್ರಮಾಣ. ಈ ವಿವೇಕ ಆ ಸಂಸ್ಥೆಯ ಮುಂದಿನ ಎಲ್ಲ ಕೆಲಸಕ್ಕೂ ತಳಹದಿಯಾಯಿತು.

ಲೆಕ್ಕ ಮುಗಿದಾಗ ಕಂಡುಬಂದುದಿಷ್ಟು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೂರಕ್ಕೆ ಸುಮಾರು 38 ಮಂದಿಯ ದೇಹವನ್ನು ಕ್ಷಯದ ಸೋಂಕು ಒಮ್ಮೆ ಮುಟ್ಟಿತ್ತು. ನೂರಕ್ಕೆ ಸುಮಾರು 2 ಮಂದಿಯ ಎದೆಯಲ್ಲಿ ರೋಗದ ನೆರಳಿತ್ತು. ಕಫದಲ್ಲಿ ಕೀಟಾಣುವೇ ದೊರೆತು, ಮನೆಯವರಿಗೂ ನೆರೆಯವರಿಗೂ ಸೋಂಕು ಹರಡಬಲ್ಲವರು ಸಾವಿರಕ್ಕೆ ಸುಮಾರು 4. ಸಾವಿರಕ್ಕೆ ನಾಲ್ಕೆಂದರೆ ಅಲ್ಪವೆನಿಸಬಹುದು. ಆದರೆ ಅದನ್ನು ಜಿಲ್ಲೆಯ ಜನಸಂಖ್ಯೆಗೆ ಹರಡಿ ನೋಡಿದರೆ ರೋಗಿಗಳು ನಾಲ್ಕಾರು ಸಾವಿರ. ಅವರನ್ನೆಲ್ಲ ವ್ಯಾನಿನಿಂದಲೇ ಹುಡುಕುವುದಾದರೆ, ಒಬ್ಬ ರೋಗಿಗಾಗಿ ಇನ್ನೂರೈವತ್ತು ಮಂದಿಯನ್ನು ಮೆಟ್ಟಿಲು ಹತ್ತಿಸಿ ಇಳಿಸಬೇಕು; ಜಿಲ್ಲೆಯನ್ನು ಒಂದು ಸುತ್ತು ಮುಗಿಸುವುದರೊಳಗೆ ಮೊದಲನೆಯ ಊರಿನಲ್ಲಿ ಹೊಸ ರೋಗಿಗಳು ಹುಟ್ಟಿಕೊಂಡಿರುವರು.

ವ್ಯಾನಿಗೆ ಬದಲಾಗಿ ಬೇರೆ ದಾರಿಯಿಲ್ಲವೆಂದು ಹೇಳುತ್ತಿದ್ದವರ ವಾದಕ್ಕೆ ಆಧಾರವಾಗಿದ್ದುದು ಒಂದು ನಂಬಿಕೆ. ಹಳ್ಳಿಗನು ಅಜ್ಞಾನಿ, ತನ್ನ ರೋಗದ ಅರಿವು ಅವನಿಗಿಲ್ಲ, ಅರಿತರೂ ಹಣೆಬರಹವೆಂದು ಸುಮ್ಮನಿರುವನು, ಇಲ್ಲವೆ ಮಂತ್ರ ತಾಯಿತಗಳ ಮೊರೆಹೋಗುವನು, ಆದುದರಿಂದ ಅವನಿದ್ದಲ್ಲಿಗೇ ಹೋಗಿ ಹಿಡಿದು ತರಬೇಕು, ಅದಕ್ಕೆ ಮೊದಲು ಆರೋಗ್ಯ ಬೋಧನೆ ಮಾಡಬೇಕು. ಈ ನಂಬಿಕೆಯನ್ನು ಪರೀಕ್ಷಿಸುವ ಮನಸ್ಸು ಮಾಡಿದವರು, ವೈದ್ಯಶಾಸ್ತ್ರ ಮಾನವಶಾಸ್ತ್ರಗಳೆರಡನ್ನೂ ಓದಿದ್ದ ದೇಬಬರ್ ಬ್ಯಾನರ್ಜಿಯವರು ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ನರು. ತುಮಕೂರಿನ ಸಮೀಕ್ಷೆಯಲ್ಲಿ ಎದೆಯ ನೆರಳು ಕಂಡವರನ್ನೂ, ಅವರಿಗೆ ಹೋಲಿಕೆಯಾಗಿ ಅದೇ ಊರುಗಳ ನೆರಳಿಲ್ಲದವರನ್ನೂ ಆರಿಸಿಕೊಂಡು, ಅವರು ಎಲ್ಲರನ್ನೂ ವಿಚಾರಿಸಿದರು: ಮೈಯಲ್ಲಿ ಏನಾದರೂ ತೊಂದರೆಯಿದೆಯೆ, ಕೆಮ್ಮಿದೆಯೆ, ಜ್ವರ ಬರುವುದೆ, ಎಷ್ಟು ಕಾಲದಿಂದ, ಅದರಿಂದ ಮನಸ್ಸಿಗೆ ಕಳವಳವಾಗಿದೆಯೆ, ಅದಕ್ಕಾಗಿ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿ ವೈದ್ಯರ ಗರ್ವವನ್ನು ಸದ್ದಿಲ್ಲದೆ ಮುರಿಯಿತು. ಕಫದಲ್ಲಿ ಕೀಟಾಣುವಿದ್ದ ರೋಗಿಗಳಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. 72 ಮಂದಿ ಅವುಗಳ ವಿಷಯದಲ್ಲಿ ಚಿಂತಿತರಾಗಿದ್ದರು. 52 ಮಂದಿ, ಎಂದರೆ ಅರ್ಧಕ್ಕೂ ಮಿಕ್ಕವರು, ಚಿಕಿತ್ಸೆಗಾಗಿ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಹೋದವರಿಗೆ ದೊರೆತುದು ಬಹುಮಟ್ಟಿಗೆ ಒಂದು ಸೀಸೆ ಕೆಮ್ಮಿನ ಔಷಧಿ.

ಆ ಸೀಸೆಯನ್ನು ಅಂದಿನವರು ಮರೆತಿರಲಾರರು. ಮನೆಯಿಂದಲೇ ತೊಳೆದು ತಂದ ಗಾಜಿನ ಸೀಸೆಯನ್ನು ಕಾಂಪೌಂಡರನ ಕಿಟಕಿಯಲ್ಲಿ ಚಾಚಿದರೆ, ಅವನು ದೊಡ್ಡ ಜಾಡಿಯಿಂದ ಬಣ್ಣದ ಮಿಕ್ಸ್‌ಚರನ್ನು ಅದಕ್ಕೆ ಬಗ್ಗಿಸಿ, ಎಷ್ಟು ವೇಳೆಗೆ ಎಷ್ಟು ಎಂಬುದು ಓದುಬಾರದವರಿಗೂ ತಿಳಿಯುವಂತೆ ಅಂಚಿನಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಕೊಡುತ್ತಿದ್ದನು. ಅದರಿಂದ ಗಂಟಲಿಗೆ ಕ್ಷಣಕಾಲ ಹಿತವಾಗುತ್ತಿತ್ತು. ಶ್ವಾಸಕೋಶದೊಳಗಿನ ಕೀಟಾಣುವಿಗೆ ಅದರ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಗಾಡಿ ಕಟ್ಟಿಸಿಕೊಂಡೋ ನಡೆದೋ, ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬಂದ ಮನುಷ್ಯ, ವೈದ್ಯರ ಮುಂದೆಯೇ ಕೆಮ್ಮಿ, ಅವರ ಕೈಯ ಸೀಸೆಯನ್ನೇ ಹಿಡಿದು ಮನೆಗೆ ಹಿಂದಿರುಗಿ, ಮಕ್ಕಳ ಪಕ್ಕದಲ್ಲಿ ಮಲಗುತ್ತಿದ್ದನು. ಇವನನ್ನು ಅಜ್ಞಾನಿಯೆಂದು ಕರೆಯುವುದಕ್ಕೆ ತುಸು ಧೈರ್ಯವೇ ಬೇಕು. ಅಂದಿನ ವೈದ್ಯರೆಲ್ಲರೂ ಕಠಿನಹೃದಯರಾಗಿದ್ದರೆಂದೇನೂ ಅಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆಗೆ ಬೆಳೆದಿರುತ್ತಿತ್ತು, ಸೂಕ್ಷ್ಮದರ್ಶಕವಿರುತ್ತಿರಲಿಲ್ಲ, ಇದ್ದರೆ ನೋಡುವವನಿರುತ್ತಿರಲಿಲ್ಲ. ಆದರೂ ರೋಗಿ ಬರುವುದಿಲ್ಲವೆಂದು ದೂರುತ್ತಿದ್ದ ವ್ಯವಸ್ಥೆಗೆ, ಬಂದವನನ್ನು ತಾನೇ ಹಿಂದಿರುಗಿಸಿ ಕಳುಹಿಸಿದುದು ಗೊತ್ತಿರಲಿಲ್ಲವೆಂಬುದು ಚೋದ್ಯ.

ಈ ಒಂದು ಸಂಗತಿಯಿಂದ ಯೋಜನೆಯ ರೂಪವೇ ಬೇರೆಯಾಯಿತು. ಅರ್ಧದಷ್ಟು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಬರುತ್ತಿರುವಾಗ, ಬಾರದವರನ್ನು ಹುಡುಕಿಕೊಂಡು ವ್ಯಾನಿನಲ್ಲಿ ತಿರುಗುವುದಕ್ಕಿಂತ ಮೊದಲು, ಬಂದವರನ್ನು ಗುರುತಿಸುವುದೇ ಧರ್ಮ ಮತ್ತು ಮಿತವ್ಯಯ. 1962ರಲ್ಲಿ ರೂಪುಗೊಂಡ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವು ಇದನ್ನೇ ಸೂತ್ರವಾಗಿ ಸ್ವೀಕರಿಸಿತು. ಜಿಲ್ಲಾ ಕೇಂದ್ರದಲ್ಲಿ ಎಕ್ಸ್-ರೇ ಇರಲಿ; ತಾಲ್ಲೂಕು, ಹೋಬಳಿಗಳ ಆಸ್ಪತ್ರೆಯಲ್ಲಿ ಬಹುದಿನಗಳಿಂದ ಕೆಮ್ಮುವವನ ಕಫವನ್ನು ಅಲ್ಲಿಯ ಸಿಬ್ಬಂದಿಯೇ ಪರೀಕ್ಷಿಸಲಿ; ಕ್ಷಯಕ್ಕೆಂದೇ ಪ್ರತ್ಯೇಕ ದಂಡು ಬೇಡ. ಆ ಪರೀಕ್ಷೆಗೆ ಸೂಕ್ಷ್ಮದರ್ಶಕವನ್ನು ಬಿಟ್ಟರೆ ಬೇಕಾದುದು ಗಾಜಿನ ತುಣುಕು, ಸ್ಪಿರಿಟ್ ದೀಪ, ಮೂರು ದ್ರಾವಣಗಳು. ಕಫದ ಲೇಪವನ್ನು ಕೆಂಪು ಬಣ್ಣದಲ್ಲಿ ಅದ್ದಿ ಕೆಳಗಿನಿಂದ ಆವಿಯೇಳುವಂತೆ ಕಾಯಿಸಿ, ಆಮ್ಲದಿಂದ ತೊಳೆದು, ನೀಲಿಯನ್ನು ಹೊಯ್ದರೆ, ಮಿಕ್ಕೆಲ್ಲವೂ ನೀಲಿಯಾಗಿ, ಕ್ಷಯದ ಕೀಟಾಣು ಮಾತ್ರ ಮೇಣದಂಥ ಹೊರಪೊರೆಯ ಬಲದಿಂದ ಕೆಂಪನ್ನು ಬಿಡದೆ ಸಣ್ಣ ಕಡ್ಡಿಗಳಂತೆ ಕಾಣುವುದು. ರಾಬರ್ಟ್ ಕಾಖ್ 1882ರಲ್ಲಿ ಆ ಕೀಟಾಣುವನ್ನು ಕಂಡುಹಿಡಿದ ಕೆಲವೇ ವರುಷಗಳಲ್ಲಿ ಸಿದ್ಧವಾಗಿದ್ದ ಈ ವಿದ್ಯೆ, ನಮ್ಮ ಹೋಬಳಿಯ ಆಸ್ಪತ್ರೆಯನ್ನು ಮುಟ್ಟಲು ಎಂಬತ್ತು ವರ್ಷ ಹಿಡಿಯಿತು.

ಅದೇ ಕಾಲದಲ್ಲಿ ಅದೇ ಸಂಸ್ಥೆಯು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ, ಸಂಘಟಿತವಾದ ಚಿಕಿತ್ಸೆ ಇನ್ನೂ ಅಲ್ಲಿಗೆ ಬಾರದಿದ್ದಾಗ, ರೋಗದ ಸಹಜಗತಿಯನ್ನು ಐದು ವರ್ಷ ಕಾಲ ಗಮನಿಸಿತು. ಮೊದಲ ಸುತ್ತಿನಲ್ಲಿ ಕಂಡ 126 ರೋಗಿಗಳಲ್ಲಿ, ಐದು ವರ್ಷ ಕಳೆಯುವುದರೊಳಗೆ ನೂರಕ್ಕೆ 49ರಷ್ಟು ಮಂದಿ ಮೃತರಾಗಿದ್ದರು, 33ರಷ್ಟು ಮಂದಿ ತಾವಾಗಿ ಗುಣ ಹೊಂದಿದ್ದರು, 18ರಷ್ಟು ಮಂದಿ ಇನ್ನೂ ಕೀಟಾಣುವನ್ನು ಹೊರಹಾಕುತ್ತಲೇ ಇದ್ದರು. ಜಗತ್ತಿನ ಪಠ್ಯಗ್ರಂಥಗಳು ಈ ಅಂಕಿಗಳನ್ನು ಇಂದಿಗೂ ಉದ್ಧರಿಸುತ್ತವೆ. ಇಂದಿನ ದಿನ ಇಂಥ ಅಧ್ಯಯನಕ್ಕೆ ಯಾವ ನೀತಿಸಮಿತಿಯೂ ಒಪ್ಪಿಗೆಯನ್ನು ನೀಡದು; ಮಾತ್ರೆಯಿದ್ದೂ ಮಾತ್ರೆ ಮುಟ್ಟದ ಆ ಹಳ್ಳಿಗಳನ್ನು ನೆನೆದಾಗ ಆ ಅಂಕಿಗಳ ಖ್ಯಾತಿ ಅಷ್ಟೇನೂ ರುಚಿಸುವುದಿಲ್ಲ.

ಮಾಹ್ಲರ್ ಅವರು 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಮರುವರ್ಷ ಆ ಸಂಸ್ಥೆಯ ತಜ್ಞಸಮಿತಿಯು, ಸಣ್ಣ ಫಿಲ್ಮಿನ ವ್ಯಾನುಗಳನ್ನು ಊರೂರು ಸುತ್ತಿಸಿ ಕ್ಷಯವನ್ನು ಹುಡುಕುವ ಪದ್ಧತಿಯನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯವನ್ನು ಕುರಿತು ಜಗತ್ತಿನ ರಾಷ್ಟ್ರಗಳು ಹೊರಡಿಸಿದ ಘೋಷಣೆಯ ಹಿಂದೆಯೂ ಮಾಹ್ಲರರ ಕೈ ಇತ್ತು. ಅದರೊಳಗೆ ಅವರ ಭಾರತದ ವರ್ಷಗಳ ಅನುಭವವನ್ನು ಗುರುತಿಸುವುದು ಅತಿಶಯೋಕ್ತಿಯಾಗದು.

ತುಮಕೂರಿಗೆ ಸಂಶೋಧಕರು ಮತ್ತೊಮ್ಮೆ ಬಂದರು. 1972-73ರಲ್ಲಿ, ಹನ್ನೆರಡು ವರ್ಷಗಳ ತರುವಾಯ, ಅದೇ ಜಿಲ್ಲೆಯಲ್ಲಿ ಸಮೀಕ್ಷೆಯನ್ನು ಮರಳಿ ನಡೆಸಿದಾಗ, ಕೀಟಾಣುವುಳ್ಳ ರೋಗಿಗಳ ಪ್ರಮಾಣದಲ್ಲಿ ಗಮನಾರ್ಹವಾದ ಇಳಿಕೆಯೇನೂ ಕಾಣಲಿಲ್ಲ. ಸೂತ್ರ ಸರಿಯಾಗಿತ್ತು, ನಡೆವಳಿಕೆ ಸಾಲದಾಯಿತು. ಔಷಧಿಯನ್ನು ಒಂದು ವರ್ಷ, ಒಂದೂವರೆ ವರ್ಷ ನುಂಗಬೇಕಾಗಿತ್ತು. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈಗೆ ಬಲ ಬಂದು, ರಾಗಿ ಕೊಯ್ಲು ಎದುರಿಗಿರುವಾಗ, ಮಾತ್ರೆಗಾಗಿ ಪ್ರತಿ ತಿಂಗಳೂ ಪೇಟೆಗೆ ಬಸ್ಸು ಹತ್ತುವವರು ಕಡಿಮೆ. ಹತ್ತಿ ಬಂದವರಿಗೆ ಮಾತ್ರೆಯ ದಾಸ್ತಾನು ಮುಗಿದಿದೆಯೆಂಬ ಉತ್ತರವೂ ಸಿಗುತ್ತಿತ್ತು. 1992ರಲ್ಲಿ ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಕಾರ್ಯಕ್ರಮವನ್ನು ವಿಮರ್ಶಿಸಿದಾಗ, ಚಿಕಿತ್ಸೆಯನ್ನು ಪೂರ್ತಿಗೊಳಿಸಿದವರು ಅರ್ಧಕ್ಕಿಂತಲೂ ಕಡಿಮೆಯೆಂದು ತಿಳಿದುಬಂದಿತು. ಮರುವರ್ಷ ಹೊಸ ಕಾರ್ಯಕ್ರಮದ ಪ್ರಯೋಗ ಮೊದಲಾಯಿತು. ಮೂರು ವಾರ ಕೆಮ್ಮಿದವನ ಕಫವನ್ನು ನೋಡತಕ್ಕದ್ದೆಂಬುದು ಅದರ ಒಂದು ನಿಯಮವಾಗಿತ್ತು. ಮಾತ್ರೆಯನ್ನು ಎದುರಿಗೇ ನುಂಗಿಸತಕ್ಕದ್ದೆಂಬುದು ಇನ್ನೊಂದು. ಮೊದಲನೆಯದನ್ನು ತುಮಕೂರು ಸೀಮೆಯ ರೋಗಿಗಳು ಮೂವತ್ತು ವರ್ಷ ಹಿಂದೆಯೇ ಹೇಳಿಕೊಟ್ಟಿದ್ದರು. ಎರಡನೆಯದನ್ನು ಅವರು ಹೇಳಿರಲಿಲ್ಲ, ಅವರನ್ನು ಯಾರೂ ಕೇಳಿಯೂ ಇರಲಿಲ್ಲ.